ಮಾತ್ರೆ ಬಿಟ್ಟು ನಿದ್ದೆಗೆಡುವ ವಿಧಾನ

ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ತೊಂದರೆಗೆಂದು ಡಾಕ್ಟರು ಬರೆದುಕೊಟ್ಟಿದ್ದ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಬಿಟ್ಟುಬಿಡಲು ನೀವು ತೀರ್ಮಾನಿಸಿದ್ದೀರಿ. ಒಳ್ಳೆಯದು. ಬಿಡುವುದು ಯಾರ ಕೈಲಾದರೂ ಆಗುತ್ತದೆ. ಬಿಟ್ಟ ಮೇಲೆ ಏರುಪೇರಾಗುವ ನಿದ್ದೆಯನ್ನು ಕೆಲವು ದಿನಗಳ ಕಿರಿಕಿರಿಯಾಗಿ ಮುಗಿಯಲು ಬಿಡದೆ ತಿಂಗಳುಗಟ್ಟಲೆಯ ಗೋಳಾಗಿ ಬೆಳೆಸುವುದಕ್ಕೆ ಮಾತ್ರ ಶಿಸ್ತು ಬೇಕು. ಈ ಕೈಪಿಡಿ ಅದಕ್ಕಾಗಿಯೇ ಇದೆ. ಹಂತಗಳನ್ನು ಕ್ರಮವಾಗಿ ಪಾಲಿಸಿ. ಏನೂ ಮಾಡದೆ ನಿಮ್ಮ ಪಾಡಿಗೆ ನೀವಿದ್ದರೆ ನಿದ್ದೆ ತನ್ನಷ್ಟಕ್ಕೆ ತಾನೇ ಸರಿಹೋಗುವ ಅಪಾಯವಿದೆ, ಎಚ್ಚರ.

ಬೇಕಾಗುವ ಸಾಮಗ್ರಿ

ದಪ್ಪ ಪರದೆಯ ಕೋಣೆ ಒಂದು. ಚಾರ್ಜರಿನ ವೈರು ದಿಂಬಿನವರೆಗೂ ಬರುವಂಥ ಫೋನು. ಫಿಲ್ಟರ್ ಕಾಫಿ, ಡಿಕಾಕ್ಷನ್ ಗಟ್ಟಿಯಾಗಿರಲಿ. ನಿದ್ದೆಗೆ ಅಂಕ ಕೊಡುವ ಕೈಗಡಿಯಾರ. ಉಳಿದ ಅರ್ಧ ಸ್ಟ್ರಿಪ್ ಮಾತ್ರೆ. ಎಸೆಯಬೇಡಿ, ಕೊನೆಯ ಹಂತಕ್ಕೆ ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ ಅವಸರ, ಬೇಕಾದಷ್ಟು.

ಹಂತ 1: ಯಾರಿಗೂ ಹೇಳಬೇಡಿ

ಈ ಮಾತ್ರೆ ಕೊಳ್ಳಲು ಪಟ್ಟ ಪಾಡು ನೆನಪಿಸಿಕೊಳ್ಳಿ. ನಮ್ಮ ದೇಶದಲ್ಲಿ ಇದು ಶೆಡ್ಯೂಲ್ ಎಕ್ಸ್ ಔಷಧ. ಚೀಟಿ ಎರಡು ಪ್ರತಿ ಬೇಕು. ಒಂದನ್ನು ಮೆಡಿಕಲ್ ಶಾಪಿನವರು 2 ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು. ಎಷ್ಟೋ ಅಂಗಡಿಗಳಲ್ಲಿ ಚೀಟಿಯನ್ನು ಪೂರ್ತಿ ಬಿಚ್ಚುವ ಮೊದಲೇ "ಅದನ್ನೆಲ್ಲ ನಾವು ಇಡಲ್ಲ ಸಾರ್" ಅನ್ನುತ್ತಾರೆ. ಕೊಳ್ಳುವಾಗ ಇಷ್ಟೊಂದು ಕಾಗದ ಕೇಳಿದ ಸರ್ಕಾರ ಬಿಡುವಾಗ ಏನನ್ನೂ ಕೇಳುವುದಿಲ್ಲ. ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ಇದರಿಂದಲೇ ಅರ್ಥ ಮಾಡಿಕೊಳ್ಳಿ.

ಡಾಕ್ಟರ ಹತ್ತಿರ ಮಾತ್ರ ಹೋಗಬೇಡಿ. ಹೋದರೆ ಅವರು ಕುಳ್ಳಿರಿಸಿ ಪ್ರಶ್ನೆ ಕೇಳುತ್ತಾರೆ. ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಚೀಟಿಯಲ್ಲಿದ್ದಷ್ಟೇ ತಗೊಂಡ್ರಾ ಇನ್ನೊಂದಿಷ್ಟು ಸೇರಿಸಿದ್ರಾ, ಹಿಂದೆ ಖಿನ್ನತೆ ಇತ್ತಾ, ಬಿಡಬೇಕು ಅಂತ ಯಾಕೆ ಅನ್ನಿಸಿತು. ಆಮೇಲೆ ಪ್ರಮಾಣ ಇಳಿಸುತ್ತ ಬರುವುದೋ ಒಂದೇ ಸಲ ನಿಲ್ಲಿಸುವುದೋ, ಯಾವ ವಾರ ಕೆಲಸ ಕಡಿಮೆಯಿರುತ್ತದೆ ಎಂದು ಲೆಕ್ಕ ಹಾಕಿಕೊಡುತ್ತಾರೆ. ಇಷ್ಟೆಲ್ಲ ಮುಂದಾಲೋಚನೆಯಿದ್ದರೆ ಮುಂದಿನ ಹಂತಗಳಲ್ಲಿ ನಿಮಗೆ ಮಾಡಲು ಕೆಲಸವೇ ಉಳಿಯದು.

ದಿನವನ್ನು ನೀವೇ ಆರಿಸಿ. ಆಫೀಸಿನಲ್ಲಿ ಸೋಮವಾರ ಸಾಫ್ಟ್‌ವೇರ್ ರಿಲೀಸ್ ಇದ್ದರೆ ಭಾನುವಾರ ರಾತ್ರಿ ಅತ್ಯುತ್ತಮ.

ಹಂತ 2: ಔಷಧದ ಕೆಲಸವನ್ನು ತಪ್ಪಾಗಿ ತಿಳಿಯಿರಿ

ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪ್ಯಾನಿಜಾನ್ 1944ರಲ್ಲಿ ಈ ಔಷಧವನ್ನು ತಯಾರಿಸಿದ. ಹೆಂಡತಿ ಮಾರ್ಗರೀಟಳನ್ನು ಮನೆಯಲ್ಲಿ ರೀಟಾ ಎನ್ನುತ್ತಿದ್ದರು. ರಿಟಾಲಿನ್ ಎಂಬ ಹೆಸರು ಅಲ್ಲಿಂದ ಬಂತು. ಆಕೆ ಟೆನಿಸ್ ಆಡುವ ಮೊದಲು ಇದನ್ನು ತೆಗೆದುಕೊಳ್ಳುತ್ತಿದ್ದಳಂತೆ. ಇಷ್ಟನ್ನು ಮಾತ್ರ ನೆನಪಿಟ್ಟುಕೊಂಡು, ಇದು ಮೈಗೆ ಹೊಸ ಚೈತನ್ಯ ತುಂಬುವ ಟಾನಿಕ್ಕು ಎಂದು ನಂಬಿ.

ನಿಜ ಬೇರೆ. ಮಾತ್ರೆ ಚೈತನ್ಯವನ್ನೇನೂ ತಯಾರಿಸುವುದಿಲ್ಲ. ನರಕೋಶಗಳು ಹೊರಬಿಟ್ಟ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಮರಳಿ ಒಳಗೆ ಹೋಗದಂತೆ ತಡೆದು, ಇದ್ದದ್ದನ್ನೇ ಇನ್ನಷ್ಟು ಹೊತ್ತು ಚಲಾವಣೆಯಲ್ಲಿಡುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ; ನಿಧಾನವಾಗಿ ಕರಗುವ ಬಗೆಯದಾದರೆ 8ರಿಂದ 12 ಗಂಟೆ. ಅಷ್ಟು ಹೊತ್ತು ದಣಿವು ಗೊತ್ತಾಗುವುದಿಲ್ಲ, ಆದರೆ ದಣಿವು ಎಲ್ಲಿಗೂ ಹೋಗಿರುವುದಿಲ್ಲ. ರಾತ್ರಿ ಮಲಗದೆ ಮಾತ್ರೆಯ ಬಲದಲ್ಲಿ ದಿನ ದೂಡಿದವರು ನಾಳೆಯ ನಿದ್ದೆಯ ಮೇಲೆ ಕೈಸಾಲ ಮಾಡಿರುತ್ತಾರೆ. ಬಿಟ್ಟ ದಿನ ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ.

ಸಾಲ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ ಎಂಬುದನ್ನು ಮರೆಯಿರಿ. ಚೀಟಿಯಲ್ಲಿದ್ದಷ್ಟೇ ನುಂಗಿ ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದವರಿಗೆ ಬಾಕಿ ಕಡಿಮೆ. ನಿದ್ದೆ ಬಾರದಿರುವುದು ಈ ಮಾತ್ರೆಯ ಅಡ್ಡ ಪರಿಣಾಮವೂ ಹೌದಾದ್ದರಿಂದ ಕೆಲವರಿಗೆ ಬಿಟ್ಟ ಮೇಲೆಯೇ ಬೇಗ ಕಣ್ಣು ಹತ್ತುತ್ತದೆ. ಒಂದರ ಜಾಗದಲ್ಲಿ ಮೂರು ನುಂಗಿದವರ ಕಥೆ ಬೇರೆ. ನಿಮ್ಮದು ಯಾವುದು ಎಂದು ವಿಚಾರಿಸಲು ಹೋಗಬೇಡಿ. ಗೆಳೆಯನಿಗೆ ಏನಾಯಿತೋ ನಿಮಗೂ ಅದೇ ಆಗಬೇಕು ಎಂದು ಪಟ್ಟು ಹಿಡಿಯಿರಿ.

ಹಂತ 3: ಮೊದಲ ವಾರದಲ್ಲೇ ತೀರ್ಪು ಕೊಡಿ

ಮೊದಲ ಕೆಲವು ದಿನ ಮಂಪರು ಕವಿಯಬಹುದು. ಹನ್ನೆರಡು ಗಂಟೆ ಮಲಗಿ ಎದ್ದರೂ ಮೈ ಎದ್ದಿರುವುದಿಲ್ಲ. ಹಸಿವು ವಿಪರೀತ, ಮಾತ್ರೆ ಅದುಮಿಟ್ಟಿದ್ದ ಹೊಟ್ಟೆ ಈಗ ನಾಲ್ಕು ಇಡ್ಲಿಯ ಮೇಲೆ ಮಸಾಲೆ ದೋಸೆ ಕೇಳುತ್ತದೆ. ಮಾತಾಡಿಸಿದವರ ಮೇಲೆಲ್ಲ ಸಿಡುಕು. ಊರಿಂದ ಅಮ್ಮ ಫೋನು ಮಾಡಿ, "ಹನ್ನೊಂದು ಗಂಟೆ ಆಯ್ತಲ್ಲ ಪುಟ್ಟ, ಇನ್ನೂ ಎದ್ದಿಲ್ವಾ? ಮೈ ಹುಷಾರಿದೆ ತಾನೆ?" ಅನ್ನುತ್ತಾರೆ. ಆಫೀಸಿನ ಬೆಳಗಿನ ಮೀಟಿಂಗಿಗೆ ಕ್ಯಾಮೆರಾ ಆರಿಸಿ, ಹೊದಿಕೆಯೊಳಗಿಂದಲೇ "ನಿನ್ನೆಯದೇ ಮುಂದುವರಿಸ್ತಿದ್ದೀನಿ" ಎಂದು ಹೇಳಿ ಮತ್ತೆ ಮಗ್ಗುಲಾಗುತ್ತೀರಿ.

ಶುರುವಿನಲ್ಲಿ ಇದು ಹೀಗೇ, ಕೆಲವು ದಿನಗಳಲ್ಲಿ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮೂರನೆಯ ದಿನವೇ ಈ ಎರಡರಲ್ಲಿ ಒಂದು ತೀರ್ಪು ಬರೆದುಬಿಡಿ. ಒಂದು: "ನಾನು ಹುಟ್ಟಾ ಕುಂಭಕರ್ಣ, ಮಾತ್ರೆ ಇಲ್ಲದೆ ಬದುಕಲಾರೆ." ಎರಡು: "ಮಾತ್ರೆ ನನ್ನ ಮಿದುಳನ್ನು ಶಾಶ್ವತವಾಗಿ ಹಾಳುಮಾಡಿದೆ." ಯಾವುದಾದರೂ ನಡೆಯುತ್ತದೆ. ಎರಡನ್ನೂ ಒಟ್ಟಿಗೆ ನಂಬಬಲ್ಲವರು ಮುಂದಿನ ಹಂತಗಳಲ್ಲಿ ಬಹಳ ಮುಂದೆ ಹೋಗುತ್ತಾರೆ.

ಹಂತ 4: ಬೆಳಕಿಗೆ ಬೀಳಬೇಡಿ

ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ ಎಂದು ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ವಿವರಿಸಿದರು. ಒಂದು, ಎಚ್ಚರವಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಹಗಲು ರಾತ್ರಿಗೆ ಹೊಂದಿಕೊಂಡು ನಡೆಯುವ ಒಳಗಿನ ಗಡಿಯಾರ. ಎರಡೂ ಕೂಡಿದ ಹೊತ್ತಿನಲ್ಲಿ ನಿದ್ದೆ ಬರುತ್ತದೆ. ನಿಮ್ಮ ಕೆಲಸ ಇವೆರಡೂ ಒಂದನ್ನೊಂದು ಭೇಟಿಯಾಗದಂತೆ ನೋಡಿಕೊಳ್ಳುವುದು.

ಗಡಿಯಾರವನ್ನು ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಆದ್ದರಿಂದ ಪರದೆ ಎಳೆದಿಡಿ. ಕಸದ ಗಾಡಿ ಹಾಡು ಹಾಕಿಕೊಂಡು ಬಂದರೆ ಪಿ.ಜಿ.ಯ ಗೆಳೆಯನನ್ನು ಕಳಿಸಿ. ನೀವೇ ಬಕೆಟ್ ಹಿಡಿದು ಇಳಿದರೆ ಐದು ನಿಮಿಷದ ಬಿಸಿಲು ಮುಖಕ್ಕೆ ಬಿದ್ದುಬಿಡುತ್ತದೆ. ಏಳುವ ಹೊತ್ತನ್ನು ದಿನಾ ಬದಲಿಸಿ. ಇವತ್ತು ಏಳಕ್ಕೆ, ನಾಳೆ ಹನ್ನೊಂದಕ್ಕೆ, ಶನಿವಾರ ಮಧ್ಯಾಹ್ನದ ಊಟಕ್ಕೆ. ರಾತ್ರಿ ಎಷ್ಟೇ ಕೆಟ್ಟಿದ್ದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವವರು ಗಡಿಯಾರಕ್ಕೆ ಹಾದಿ ತೋರಿಸಿಕೊಡುತ್ತಾರೆ. ಅಂಥವರ ಸಹವಾಸ ಬೇಡ.

ಹಂತ 5: ಸಂಜೆ ಮಲಗಿ, ಕಾಫಿ ಕುಡಿದು ಏಳಿ

ಸಂಜೆ ಐದೂವರೆಗೆ ಸೋಫಾದ ಮೇಲೆ "ಒಂದು ಹತ್ತು ನಿಮಿಷ" ಎಂದು ಒರಗಿ. ಅಲಾರಂ ಬೇಡ. ಏಳೂವರೆಗೆ ಬಾಯಿ ಒಣಗಿ, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿ, ಇದು ಬೆಳಿಗ್ಗೆಯೋ ರಾತ್ರಿಯೋ ತಿಳಿಯದೆ ಏಳುತ್ತೀರಿ. ದಿನವಿಡೀ ಕೂಡಿಬಂದಿದ್ದ ನಿದ್ದೆಯ ಒತ್ತಡ ಅಷ್ಟರಲ್ಲಿ ಇಳಿದುಹೋಗಿರುತ್ತದೆ. ಊಟದ ನಂತರದ ಇಪ್ಪತ್ತು ನಿಮಿಷದ ಜೊಂಪಿನಿಂದ ಈ ಫಲ ಸಿಗುವುದಿಲ್ಲ. ಅದರಲ್ಲಿ ಸಮಯ ಹಾಳುಮಾಡಬೇಡಿ.

ಎದ್ದ ಕೂಡಲೇ ತಲೆಭಾರ ಇಳಿಯಲು ಕಾಫಿ. ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ 5 ಗಂಟೆ ಹಿಡಿಯುತ್ತದೆ. ಎಂಟು ಗಂಟೆಗೆ ಕುಡಿದದ್ದು ರಾತ್ರಿ ಒಂದಕ್ಕೂ ಅರ್ಧ ಉಳಿದಿರುತ್ತದೆ. "ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ" ಎಂದು ಹೆಮ್ಮೆಯಿಂದ ಹೇಳಿಕೊಳ್ಳಿ; ಬರುವ ನಿದ್ದೆ ಎಷ್ಟು ತೆಳುವಾಗಿದೆ ಎಂಬುದು ಮಲಗಿದವರಿಗೆ ಗೊತ್ತಾಗುವುದಿಲ್ಲವಾದ್ದರಿಂದ ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಮಾತ್ರೆ ಬಿಟ್ಟ ಜಾಗಕ್ಕೆ ದಿನಕ್ಕೆ ಆರು ಲೋಟ ಕಾಫಿ ತಂದು, "ಈಗ ಯಾವ ಉತ್ತೇಜಕವೂ ಇಲ್ಲ" ಎಂದು ಎಲ್ಲರಿಗೂ ತಿಳಿಸಿ.

ಹಂತ 6: ನಿದ್ದೆಯನ್ನು ಕೆಲಸದ ಹಾಗೆ ಮಾಡಿ

ಎರಡನೆಯ ವಾರದ ಹೊತ್ತಿಗೆ ಕೆಲವರಲ್ಲಿ ಮಂಪರು ಇಳಿದು ನಿದ್ದೆ ತುಂಡಾಗತೊಡಗಬಹುದು. ಇದೇ ಸುಸಮಯ. ಕಣ್ಣೆಳೆಯದಿದ್ದರೂ ಒಂಬತ್ತಕ್ಕೇ ಹಾಸಿಗೆ ಸೇರಿ. ಲ್ಯಾಪ್‌ಟಾಪ್, ಊಟದ ತಟ್ಟೆ, ತಂಗಿಯ ಜೊತೆ ಜಗಳ ಎಲ್ಲವೂ ಹಾಸಿಗೆಯ ಮೇಲೇ ನಡೆಯಲಿ. ಹಾಸಿಗೆ ಕಂಡ ಕೂಡಲೇ ಮನಸ್ಸಿಗೆ ನಿದ್ದೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೆನಪಾಗಬೇಕು.

ಆಮೇಲೆ ನಿದ್ದೆ ಮಾಡಲು ಪ್ರಯತ್ನಿಸಿ. ಕಣ್ಣು ಬಿಗಿಯಾಗಿ ಮುಚ್ಚಿ. ಹಲ್ಲು ಕಚ್ಚಿ. ರೆಪ್ಪೆಗೆ ರೆಪ್ಪೆ ಹತ್ತದಿದ್ದರೆ ಫೋನು ತೆಗೆದು ಗಂಟೆ ನೋಡಿ. 1:10. "ಈಗ ನಿದ್ದೆ ಬಂದರೆ ಐದೂ ಮುಕ್ಕಾಲು ಗಂಟೆ ಸಿಗುತ್ತೆ." 2:25. "ಈಗ ಬಂದರೂ ನಾಲ್ಕೂವರೆ." ಕಳೆಯುವ ಲೆಕ್ಕ ಇಷ್ಟು ಚುರುಕಾಗಿ ಶಾಲೆಯಲ್ಲಿ ಬಂದಿದ್ದರೆ ನೀವು ಬೇರೆಯೇ ಕಡೆ ಇರುತ್ತಿದ್ದಿರಿ. ಎದ್ದು ಹೊರಗಿನ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ವಾಪಸ್ ಬರುವ ಪದ್ಧತಿಯೊಂದಿದೆ. ಅದು ಕೆಲಸ ಮಾಡುತ್ತದೆಯಾದ್ದರಿಂದ ನಮ್ಮ ಪಠ್ಯದಲ್ಲಿ ಸೇರಿಸಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಿಮಗೆ ಗೊತ್ತಿದೆ. ಚಿಂತೆ ಇದ್ದವನಿಗೆ ಎಂಟಿಂಚಿನ ಫೋಮ್ ಹಾಸಿಗೆಯಲ್ಲೂ ಇಲ್ಲ ಎಂದು ಪ್ರಯೋಗದಿಂದ ತೋರಿಸಿ.

ಇಲ್ಲಿ ಒಂದು ಸೂತ್ರವನ್ನು ಬಾಯಿಪಾಠ ಮಾಡಿ: ಪ್ರತಿ ರಾತ್ರಿಯೂ ಒಂದು ಪರೀಕ್ಷೆ. ಮರುದಿನವೇ ಫಲಿತಾಂಶ. ಒಂದು ರಾತ್ರಿ ಕೆಟ್ಟರೆ ಹಿಂದಿನ ನಾಲ್ಕು ಒಳ್ಳೆಯ ರಾತ್ರಿಗಳು ರದ್ದು. ವಾರಗಳ ಲೆಕ್ಕದಲ್ಲಿ ನೋಡಿದರೆ ಸುಧಾರಣೆ ಕಂಡುಬರುವ ಸಾಧ್ಯತೆ ಇರುವುದರಿಂದ ರಾತ್ರಿಯ ಲೆಕ್ಕವನ್ನು ಬಿಡಲೇಬೇಡಿ.

ಹಂತ 7: ಕನಸುಗಳಿಗೆ ಅರ್ಥ ಹುಡುಕಿ

ಕನಸುಗಳು ದಟ್ಟವಾಗಿ, ಕೆಲವೊಮ್ಮೆ ಭೀಕರವಾಗಿ ಬರತೊಡಗಬಹುದು. ಇದರ ಕಾರಣ ಗೊತ್ತಾಗಿ ಬಹಳ ಕಾಲವಾಯಿತು. 1963ರಲ್ಲಿ ಎಡಿನ್‌ಬರೋದಲ್ಲಿ ಇಯಾನ್ ಆಸ್ವಾಲ್ಡ್ ಮತ್ತು ವಿ.ಆರ್. ಠಾಕೋರ್ ಎಂಬ ಇಬ್ಬರು ವೈದ್ಯರು ಆಂಫೆಟಮಿನ್ ಎಂಬ ಇದೇ ಬಗೆಯ ಉತ್ತೇಜಕದ ಚಟ ಹತ್ತಿದ್ದವರ ನಿದ್ದೆಯನ್ನು ಮಿದುಳಿನ ಅಲೆಗಳ ಮೂಲಕ ಅಳೆದರು. ಔಷಧ ನಿಲ್ಲಿಸಿದಾಗ ಕನಸಿನ ನಿದ್ದೆ, ಅಂದರೆ ಆರ್‌ಇಎಂ, ವಾಡಿಕೆಗಿಂತ ಬಹಳ ಹೆಚ್ಚಾಯಿತು. ಮಾಮೂಲಿಯಾಗಿ ಮಲಗಿ ಸುಮಾರು ಒಂದೂವರೆ ಗಂಟೆಗೆ ಬರಬೇಕಾದದ್ದು ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ನುಗ್ಗಿಬಂತು. ಸಹಜ ಸ್ಥಿತಿಗೆ ಮರಳಲು ವಾರಗಟ್ಟಲೆ ಹಿಡಿಯಿತು, ಆದರೆ ಮರಳಿತು. ಅವರು ನೋಡಿದ್ದು ಚಟದ ಮಟ್ಟದಲ್ಲಿ ನುಂಗುತ್ತಿದ್ದವರನ್ನು. ಚೀಟಿಯ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಇಷ್ಟು ಆಗಬೇಕೆಂದಿಲ್ಲ.

ನೀವು ಇದನ್ನೆಲ್ಲ ಬದಿಗಿಟ್ಟು ಕನಸನ್ನು ಕನಸಾಗಿಯೇ ವಿಚಾರಿಸಿ. ಹಲ್ಲು ಉದುರಿದ ಕನಸಿಗೆ ಯಾರಿಗೆ ಕೇಡು? ಹಾವು ಅಟ್ಟಿಸಿಕೊಂಡು ಬಂದರೆ ಯಾವ ದೇವರಿಗೆ ಹರಕೆ? ಸೋದರತ್ತೆಯನ್ನು ಕೇಳಿ, ಜ್ಯೋತಿಷಿಗಳನ್ನು ಕೇಳಿ. ಮ್ಯಾನೇಜರು ಪಿಯುಸಿ ಗಣಿತ ಪರೀಕ್ಷೆಗೆ ಮೇಲ್ವಿಚಾರಕರಾಗಿ ಬಂದ ಕನಸಿಗೆ ಮಾತ್ರ ಅರ್ಥ ಹುಡುಕುವ ಅಗತ್ಯವಿಲ್ಲ. ಅದು ಎಲ್ಲರಿಗೂ ಬೀಳುತ್ತದೆ.

ಹಂತ 8: ಕೈಗಡಿಯಾರವನ್ನು ನಂಬಿ

ಬೆಳಿಗ್ಗೆ ಎದ್ದು ಹೇಗನಿಸುತ್ತಿದೆ ಎಂದು ಮೈಯನ್ನು ಕೇಳಬೇಡಿ, ಗಡಿಯಾರವನ್ನು ಕೇಳಿ. ಅದು ಕೈಯ ಅಲುಗಾಟ ಮತ್ತು ನಾಡಿಬಡಿತದಿಂದ ನಿದ್ದೆಯ ಹಂತಗಳನ್ನು ಅಂದಾಜು ಮಾಡುತ್ತದೆ. ನಿಜವಾದ ಅಳತೆಗೆ ತಲೆಗೆ ವೈರು ಅಂಟಿಸಿ ಮಲಗಬೇಕು. ಅಂದಾಜನ್ನು ಅಂಕಪಟ್ಟಿಯೆಂದೇ ಪರಿಗಣಿಸಿ. 61 ಬಂತೆಂದರೆ, ಮೈ ಹಗುರವಾಗಿದ್ದರೂ ಮಂಕಾಗಿ ಕೂರಿ. ಈ ಅಂಕಗಳ ಹಿಂದೆ ಬಿದ್ದು ನಿದ್ದೆ ಕಳೆದುಕೊಂಡು ಬಂದವರ ಬಗ್ಗೆ 2017ರಲ್ಲೇ ತಜ್ಞರು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಂದರೆ ವಿಧಾನ ಪರೀಕ್ಷಿತವಾದದ್ದು, ಧೈರ್ಯವಾಗಿ ಮುಂದುವರಿಯಿರಿ.

ಹಂತ 9: ಎಲ್ಲರ ಮದ್ದನ್ನೂ ಒಂದೇ ವಾರದಲ್ಲಿ ಮಾಡಿ

ನಿದ್ದೆ ಬರುತ್ತಿಲ್ಲ ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು. ಸೋಮವಾರ ಜಾಜಿಕಾಯಿ ತೇದ ಹಾಲು. ಮಂಗಳವಾರ ನೆತ್ತಿಗೆ ಹರಳೆಣ್ಣೆ. ಬುಧವಾರ ಗಸಗಸೆ ಪಾಯಸ; ಹಬ್ಬದ ದಿನ ಎಲೆಯ ಮುಂದೆಯೇ ತೂಕಡಿಸಿದ ಮಾವನನ್ನು ಸಾಕ್ಷಿಗೆ ಕರೆಯಿರಿ. ಗುರುವಾರ ಕಾಲ್ದೆಸೆ ಬದಲಿಸಿ ಮಲಗಿ. ಯಾವುದನ್ನೂ ಎರಡು ದಿನ ಮಾಡಬೇಡಿ. ಮಾಡಿದರೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಗೊತ್ತಾಗಿಬಿಡುತ್ತದೆ.

ಶುಕ್ರವಾರ ವಿಸ್ಕಿ. ಬೇಗ ಕಣ್ಣು ಮುಚ್ಚಿಸುತ್ತದೆ, ಮೊದಲರ್ಧದ ಕನಸಿನ ನಿದ್ದೆಯನ್ನು ಅದುಮುತ್ತದೆ, ಮೂರು ಗಂಟೆಗೆ ಬಾಯಾರಿಸಿ ಎಬ್ಬಿಸುತ್ತದೆ. ಹೇಳಿದ ಹಾಗೆ ಕೆಲಸ ಮಾಡುವ ಸಾಮಗ್ರಿಗಳಲ್ಲಿ ಇದೇ ಅಗ್ರಗಣ್ಯ.

ಚಿಕ್ಕಮ್ಮನ ಡಬ್ಬಿಯಲ್ಲಿರುವ ಅಲ್ಪ್ರಾಜೋಲಾಮ್ ಮಾತ್ರೆಯನ್ನು ಮಾತ್ರ ಮುಟ್ಟಬೇಡಿ. ಅದಕ್ಕೆ ಬೇಗ ಒಗ್ಗಿಹೋಗುತ್ತೀರಿ. ಹೆಂಡದ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಈ ಕೋರ್ಸು ಬದುಕಿರುವ ವಿದ್ಯಾರ್ಥಿಗಳಿಗೆ ಮಾತ್ರ.

ಅದೇ ಕಾರಣಕ್ಕೆ ಇನ್ನೊಂದು ವಿನಾಯಿತಿ. ಬಿಟ್ಟ ಮೇಲಿನ ಮಂಕು ದಿನೇದಿನೇ ಕವಿಯುತ್ತ ಹೋಗಿ, ಬದುಕೇ ಬೇಡ ಎನ್ನಿಸಿದರೆ ಕೈಪಿಡಿಯನ್ನು ಅಲ್ಲೇ ಮುಚ್ಚಿ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಸಹಾಯವಾಣಿ; ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ವ್ಯಂಗ್ಯವಿಲ್ಲ.

ಹಂತ 10: ಅರ್ಧ ಮಾತ್ರೆ

ಎತ್ತಿಟ್ಟಿದ್ದ ಅರ್ಧ ಸ್ಟ್ರಿಪ್ ಈಗ ತೆಗೆಯಿರಿ. ಕೆಲಸ ರಾಶಿ ಬಿದ್ದಿದೆ, ತಲೆ ಓಡುತ್ತಿಲ್ಲ. "ಇವತ್ತೊಂದು ದಿನ" ಎಂದು ಅರ್ಧ ಮುರಿದು ನುಂಗಿ. ಅದೂ ಸಂಜೆ ಆರಕ್ಕೆ. ರಾತ್ರಿ ಹತ್ತರವರೆಗೆ ಕೆಲಸ ಸರಾಗ. ಮರುದಿನದಿಂದ ಮಂಪರು ಮೊದಲಿನಿಂದ ಶುರು, ಹಂತ 3ಕ್ಕೆ ಹಿಂತಿರುಗಿ. ವಾರಕ್ಕೊಮ್ಮೆ ಹೀಗೆ ಮಾಡುತ್ತಿದ್ದರೆ ಮಾತ್ರೆ ತೆಗೆದುಕೊಂಡ ಪ್ರಯೋಜನವೂ ಇಲ್ಲ, ಬಿಟ್ಟ ಪ್ರಯೋಜನವೂ ಇಲ್ಲ. ಈ ಸಮತೋಲನ ಸುಲಭಕ್ಕೆ ಒಲಿಯುವುದಲ್ಲ.

ಸಮರ್ಥನೆಗೆ ಪಾಲ್ ಏರ್ಡಿಷ್ ಅವರನ್ನು ಬಳಸಿ. ಹಂಗೇರಿಯ ಈ ಮಹಾಗಣಿತಜ್ಞರು ಆಂಫೆಟಮಿನ್ ನುಂಗಿಯೇ ಕೆಲಸ ಮಾಡುತ್ತಿದ್ದರು. 1979ರಲ್ಲಿ ಗೆಳೆಯ ರಾನ್ ಗ್ರಹಾಂ, ಒಂದು ತಿಂಗಳು ಬಿಟ್ಟು ತೋರಿಸು ಎಂದು 500 ಡಾಲರ್ ಪಣ ಕಟ್ಟಿದರು. ಏರ್ಡಿಷ್ ಬಿಟ್ಟರು, ಪಣ ಗೆದ್ದರು, ನಿನ್ನಿಂದಾಗಿ ಗಣಿತ ಒಂದು ತಿಂಗಳು ಹಿಂದೆ ಬಿತ್ತು ಎಂದು ಗೊಣಗಿ ಮತ್ತೆ ಶುರುಮಾಡಿದರು. ನಿಮ್ಮಿಂದ ಹಿಂದೆ ಬಿದ್ದಿರುವುದು ಎಕ್ಸೆಲ್ ಶೀಟು ಎಂಬ ವ್ಯತ್ಯಾಸವನ್ನು ಎತ್ತಲು ಯಾರಿಗೂ ಅವಕಾಶ ಕೊಡಬೇಡಿ.

ದೋಷ ನಿವಾರಣೆ

ದೂರು: ಬೆಳಿಗ್ಗೆ ಆರೂವರೆಗೆ ತಾನಾಗಿ ಎಚ್ಚರವಾಗುತ್ತಿದೆ.
ಪರಿಹಾರ: ಪರದೆ ಪರೀಕ್ಷಿಸಿ. ಬೆಳಕು ಸೋರುತ್ತಿದೆ.

ದೂರು: ಮನೆಯವರು ಸಂಜೆ ವಾಕಿಂಗಿಗೆ ಎಳೆದುಕೊಂಡು ಹೋಗುತ್ತಿದ್ದಾರೆ, ರಾತ್ರಿ ಮೈ ಹದವಾಗಿ ದಣಿಯುತ್ತಿದೆ.
ಪರಿಹಾರ: ಮೊಣಕಾಲು ನೋವು ಎನ್ನಿ. ನಂಬದಿದ್ದರೆ ಬೆನ್ನು.

ದೂರು: ಡಾಕ್ಟರು ನಿದ್ದೆ ಮಾತ್ರೆ ಬರೆಯದೆ, ಏಳುವ ಹೊತ್ತು ಗೊತ್ತುಮಾಡಿ, ಹಾಸಿಗೆಯಲ್ಲಿರುವ ಸಮಯ ಕಡಿಮೆ ಮಾಡಿ, ಬರೆದಿಡಲು ಒಂದು ಪುಸ್ತಕ ಕೊಟ್ಟು ಕಳಿಸಿದ್ದಾರೆ.
ಪರಿಹಾರ: ಇದು ಸಿಬಿಟಿ-ಐ ಎಂಬ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಕೊಡಿ ಎಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲೇ ಹೇಳಿದೆ. ಮೊದಲ ವಾರ ಇನ್ನೂ ಕಷ್ಟವೆನಿಸುತ್ತದೆ. ಆ ವಾರವೇ ಬಿಟ್ಟುಬಿಡಿ. ಎರಡನೆಯ ವಾರಕ್ಕೆ ಕಾಲಿಟ್ಟರೆ ನಾವು ಜವಾಬ್ದಾರರಲ್ಲ.

ದೂರು: ಮಾತ್ರೆಗೂ ಮೊದಲಿನಿಂದಲೇ ನನಗೆ ರಾತ್ರಿ ತಡವಾಗಿ ನಿದ್ದೆ ಬರುತ್ತಿತ್ತು ಎಂದು ನೆನಪಾಗುತ್ತಿದೆ.
ಪರಿಹಾರ: ಎಡಿಎಚ್‌ಡಿ ಇರುವ ಬಹಳ ಜನರಿಗೆ ಹಾಗೆಯೇ. ಡಾಕ್ಟರಿಗೆ ಇದನ್ನು ಹೇಳಿದರೆ ಚಿಕಿತ್ಸೆಯ ದಾರಿಯೇ ಬದಲಾದೀತು. ಮರೆತುಬಿಡಿ.

ದೂರು: ಮೊನ್ನೆಯಿಂದ ಚೆನ್ನಾಗಿ ನಿದ್ದೆ ಬರುತ್ತಿದೆ. ಯಾವಾಗ ಶುರುವಾಯಿತೋ ಗಮನಿಸಲೇ ಇಲ್ಲ.
ಪರಿಹಾರ: ಗಮನಿಸದೆ ಬಂದ ನಿದ್ದೆಗೆ ನಮ್ಮಲ್ಲಿ ಮದ್ದಿಲ್ಲ. ಕೈಪಿಡಿಯನ್ನು ಬೇಕಾದವರಿಗೆ ದಾಟಿಸಿ. ಯಾರಿಗೆ ಎಂದು ತಿಳಿಯದಿದ್ದರೆ ಆಫೀಸಿನ ಮೇಲ್ ತೆರೆದು, ರಾತ್ರಿ ಎರಡೂವರೆಗೆ ಕಳಿಸಿದವರು ಯಾರೆಂದು ನೋಡಿ.